ನಾನು ಬಾರಿಸದ ನಗಾರಿ

ಬಾರಿಸಬೇಕಾದ ಹೊತ್ತಿನಲ್ಲಿ ನಾನು ನಗಾರಿ ಬಾರಿಸಲಿಲ್ಲ. ಕೋಲುಗಳು ನನ್ನ ತೊಡೆಯ ಮೇಲೇ ಇದ್ದವು. ಕೈ ನೋಯುತ್ತಿರಲಿಲ್ಲ, ಮರೆತೂ ಇರಲಿಲ್ಲ. ಬೇಕೆಂದೇ ಸುಮ್ಮನೆ ಕೂತೆ. ಆರು ವರ್ಷ ಈ ಮಾತನ್ನು ಗಂಡನಿಗೂ ಹೇಳಿರಲಿಲ್ಲ.

ಇಂಥ ಅನುಭವಗಳನ್ನು ಯಾರಾದರೂ ಬರೆದರೆ ಓದಿ ನಗುತ್ತಿದ್ದವಳು ನಾನು. ಓದಿದ್ದು ಏಳನೆಯ ತರಗತಿಯವರೆಗೆ ಮಾತ್ರ, ಆದರೆ ದೆವ್ವ, ಶಕುನ ಯಾವುದನ್ನೂ ನಂಬಿದವಳಲ್ಲ. ಮೆಲ್ಬರ್ನಿನಲ್ಲಿ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ನನಗೆ. ಒಬ್ಬರು ತೀರಿಕೊಂಡ ಹಾಸಿಗೆಯಲ್ಲಿ ಮುಂದಿನ ವಾರ ಇನ್ನೊಬ್ಬರು ಬಂದು ಹಾಯಾಗಿ ಮಲಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ನೀವು ಇದನ್ನು ನಂಬಬೇಕೆಂದು ನಾನು ಕೇಳುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮೂರು ಬೆಳಗಾವಿ ಕಡೆಯದು. ಊರಿನ ಬೆನ್ನಿಗೆ ಗುಡ್ಡ, ಗುಡ್ಡದ ಮೇಲೆ ಪಾಳುಬಿದ್ದ ಕೋಟೆ. ಹಿಂದೆ ಯಾವುದೋ ದೊಡ್ಡ ರಾಜ್ಯ ಸುತ್ತಲಿನ ಕೋಟೆಗಳನ್ನು ಒಂದೊಂದಾಗಿ ನುಂಗುತ್ತಾ ನಮ್ಮ ಗುಡ್ಡದವರೆಗೂ ಬಂತಂತೆ. ಯಾವ ರಾಜ, ಯಾವ ಕಾಲ, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರು ರಾತ್ರಿ ಬರಲಿಲ್ಲ, ರಾತ್ರಿ ಕಾವಲು ಬಿಗಿಯಾಗಿರುತ್ತಿತ್ತು. ನಡುಮಧ್ಯಾಹ್ನ ಕೋಟೆಯವರು ಬುತ್ತಿ ಬಿಚ್ಚಿ ಕೂತ ಹೊತ್ತಿನಲ್ಲಿ, ಯಾರೂ ಹತ್ತಲಾರರೆಂದು ಬಿಟ್ಟಿದ್ದ ಹಿಂದಿನ ಬಂಡೆಗೆ ಹಗ್ಗ ಹಾಕಿ ಹತ್ತಿದರು. ಬುರುಜಿನ ಮೇಲೆ ನಗಾರಿಯ ಕಾವಲಿಗಿದ್ದವನು ನಮ್ಮ ಮನೆತನದ ಹಿರಿಯ. ಕೆಳಗೆ ಅಗಸಿಬಾಗಿಲಲ್ಲಿ ಅವನ ತಮ್ಮ. ಹಿರಿಯ ಬಂದವರನ್ನು ಕಂಡ, ಕಂಡೂ ತಡ ಮಾಡಿದ. ನಗಾರಿ ಕೇಳಿ ತಮ್ಮ ಕೈತುತ್ತು ಬಿಟ್ಟು ಏಳುವಷ್ಟರಲ್ಲಿ ಅವರು ಅಂಗಳಕ್ಕೆ ಇಳಿದಿದ್ದರು. ತಮ್ಮ ಅಲ್ಲೇ ಸತ್ತ.

ಅದಕ್ಕೇ ನಮ್ಮ ಮನೆಯಲ್ಲೊಂದು ಪದ್ಧತಿ. ದಸರೆಗೆ ಮುಂಚೆ ಬರುವ ಮಹಾನವಮಿ ಅಮಾವಾಸ್ಯೆಯ ಮಧ್ಯಾಹ್ನ, ಎಡೆ ಬಡಿಸಿ ಆದ ಮೇಲೆ, ಮನೆಗೆ ಹಿರಿಯರಾದವರು ನಗಾರಿಗೆ ಮೂರು ಪೆಟ್ಟು ಹಾಕಬೇಕು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಉಸಿರಿನ ಬಿಡುವು. ಆಮೇಲೆ ಗುಡ್ಡದ ಕಡೆ ಮುಖ ಮಾಡಿ, ಗಟ್ಟಿಯಾಗಿ, ‘ತಪ್ಪಾತು, ತಮ್ಮಾ’ ಎನ್ನಬೇಕು. ಅದಾದ ಮೇಲೆಯೇ ಮೊದಲ ತುತ್ತು.

ಅಪ್ಪನ ನಂತರ ಮನೆಗೆ ಹಿರಿಯಳು ನಾನು. ತಮ್ಮ ಬಸು ನನಗಿಂತ ಏಳು ವರ್ಷ ಚಿಕ್ಕವನು. ಆದರೆ ಅವನಿಗೆ ಒಂಬತ್ತು ತುಂಬಿದ ವರ್ಷ ಅಪ್ಪ ಕೋಲುಗಳನ್ನು ಅವನ ಕೈಗೆ ಕೊಟ್ಟರು. ಅವನು ಕೀಚಲು ದನಿಯಲ್ಲಿ ಗುಡ್ಡಕ್ಕೆ ‘ತಪ್ಪಾತು, ತಮ್ಮಾ’ ಅಂದಾಗ ನಾನು ಬಾಗಿಲಲ್ಲಿ ನಿಂತು, “ಅವಗ ತಮ್ಮ ಎಲ್ಲಿದಾನ? ತಮ್ಮ ಇರೂದು ನನಗ” ಅಂದೆ. ಎಲ್ಲರೂ ನಕ್ಕರು. “ನೀ ಒಳಗ ಹೋಗು, ರೊಟ್ಟಿ ಹೊತ್ತತೈತಿ ನೋಡು” ಅಂದರು ಅಪ್ಪ.

ಅವ್ವ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟವಳು ನಾನು. ಬಸುವನ್ನು ಮಲಗಿಸುತ್ತಿದ್ದವಳೂ ನಾನೇ. ಹಿರಿಯ ಯಾಕೆ ತಡ ಮಾಡಿದ ಎಂದು ದಿನಾ ಕೇಳುತ್ತಿದ್ದ. ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅವನು ಮಲಗಿದರೆ ಸಾಕೆಂದು ನಾನೇ ಒಂದು ಕಾರಣ ಕಟ್ಟಿದೆ: ಅಂದು ಬೆಳಿಗ್ಗೆ ಕಿಲ್ಲೇದಾರ ತಮ್ಮನಿಗೆ ಎಲ್ಲರೆದುರು ಬೆಳ್ಳಿ ಕಡಗ ತೊಡಿಸಿದ್ದ, ಅಣ್ಣನಿಗೆ ಏನೂ ಕೊಟ್ಟಿರಲಿಲ್ಲ. ಬೆಳ್ಳಿ ಕಡಗ ನನ್ನದು. ಆ ಹೊಟ್ಟೆಕಿಚ್ಚೂ ನನ್ನದೇ ಎಂದು ಆಗ ತಿಳಿಯಲಿಲ್ಲ.

ಬಸು ಓದಿದ, ಸಿಡ್ನಿಗೆ ಬಂದ, ಪ್ಯಾರಮಟ್ಟಾದಲ್ಲಿ ಮನೆ ಮಾಡಿದ. ಅದಕ್ಕೂ ಮೊದಲೇ ಮದುವೆಯಾಗಿ ಮೆಲ್ಬರ್ನಿಗೆ ಬಂದಿದ್ದವಳು ನಾನು, ಆದರೆ ಊರಿನವರು ಆಸ್ಟ್ರೇಲಿಯಾ ಎಂದರೆ ಬಸುವಿನ ಹೆಸರನ್ನೇ ಹೇಳುತ್ತಿದ್ದರು. ಅಪ್ಪ ತೀರಿಕೊಂಡ ಮರುವರ್ಷ ಅವನು ಕೋಟೆಯ ಕಥೆಯನ್ನು ನಾಟಕವಾಗಿ ಬರೆದ. ಅಲ್ಲಿಯ ಕನ್ನಡದವರೆಲ್ಲ ಸೇರಿ ಆಡುವುದೆಂದಾಯಿತು. ನನಗೆ ಫೋನ್ ಮಾಡಿ, “ಅಕ್ಕಾ, ನಗಾರಿ ನೀನ ಬಾರಿಸಬೇಕು. ಬ್ಯಾರೇದವ್ರ ಕೈಯಾಗ ಕೊಡೂದಿಲ್ಲ ನಾ” ಅಂದ.

“ಮತ್ತ ರೊಟ್ಟಿ ಯಾರ ನೋಡ್ಕೋತಾರ?” ಅಂದೆ. ಅವನು ನಕ್ಕ. ಅವನಿಗೆ ಅದು ನೆನಪೇ ಇರಲಿಲ್ಲ.

ನಗಾರಿ ಸಿಡ್ನಿಯ ಒಬ್ಬರಿಂದ ಎರವಲು. ಕೋಲುಗಳು ಮಾತ್ರ ನಮ್ಮ ಮನೆಯವು, ಬಸು ಊರಿಂದ, ಏರ್‌ಪೋರ್ಟಿನ ತಪಾಸಣೆಯಲ್ಲಿ ತೋರಿಸಿ ತಂದಿದ್ದ. ಅಪ್ಪನ ಧೋತರದ ಅಂಚಿನಿಂದ ಎರಡನ್ನೂ ಸೇರಿಸಿ ಗಂಟು ಹಾಕಿಡುವುದು ರೂಢಿ. ಹಿಂದಿನ ದಿನ ತಾಲೀಮು ಮುಗಿದ ಮೇಲೆ ಆ ಗಂಟು ಹಾಕಿದವಳು ನಾನೇ.

ನಾಟಕದಲ್ಲಿ ಹಿರಿಯ ರಂಗದ ಮೇಲೆ ಬರುವುದೇ ಇಲ್ಲ, ಅವನ ನಗಾರಿ ಮಾತ್ರ ಕೇಳಬೇಕು. ತಮ್ಮನ ಪಾತ್ರ ಬಸುವಿನದು. ಅವನು ಕೋಟೆಯ ಗೋಡೆಗೆ ಬೆನ್ನು ಕೊಟ್ಟು ರೊಟ್ಟಿ ತಿನ್ನುತ್ತಿರುತ್ತಾನೆ. ಹಾಡುವವರು ಪದದ ಮೂರನೆಯ ಸಾಲಿಗೆ ನಿಲ್ಲಿಸಬೇಕು. ನಾನು ಮೂರು ಪೆಟ್ಟು ಹಾಕಬೇಕು. ಅವನು ಎದ್ದು ಮುಂದೆ ಬರಬೇಕು. ಉಳಿದ ಎರಡು ಸಾಲು ಮುಗಿದೊಡನೆ ಗೋಡೆಯ ಹಿಂದಿರುವ ಶತ್ರುಪಾತ್ರದವರು ಅದನ್ನು ಉರುಳಿಸಿ ನುಗ್ಗಬೇಕು. ಗೋಡೆ ಪ್ಲೈವುಡ್ಡಿನದು, ಆದರೆ ಅದಕ್ಕೆ ಕಬ್ಬಿಣದ ಚೌಕಟ್ಟಿತ್ತು, ಎತ್ತಲು ನಾಲ್ಕು ಜನ ಬೇಕಾಗುತ್ತಿತ್ತು. “ನೀ ಬಾರಿಸಲಿಲ್ಲಂದ್ರ ನಾ ಏಳಂಗಿಲ್ಲ ನೋಡಕ್ಕಾ, ಗ್ವಾಡಿ ನನ್ನ ತಲೀ ಮ್ಯಾಲ” ಎಂದು ತಾಲೀಮಿನಲ್ಲಿ ನಗೆಯಾಡಿದ್ದ. ಆದ್ದರಿಂದ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಹಂಚಿದ ಹಾಳೆಯಲ್ಲಿ ಹೀಗಿತ್ತು: ‘ಕಥೆ: ನಾಟಕಕಾರರು ತಮ್ಮ ತಂದೆಯವರಿಂದ ಕೇಳಿದ್ದು.’ ಎಲ್ಲಕ್ಕಿಂತ ಕೆಳಗೆ, ‘ನಗಾರಿ: ನಾಟಕಕಾರರ ಸಹೋದರಿ.’ ದೀಪ ಹಿಡಿದವನ ಹೆಸರಿತ್ತು. ಚಹಾ ಕೊಟ್ಟವರ ಹೆಸರಿತ್ತು. ನನಗೆ ಹೆಸರಿರಲಿಲ್ಲ.

ಕಿಲ್ಲೇದಾರ ಬಸುವಿನ ಕೈಗೆ ಬೆಳ್ಳಿ ಕಡಗ ತೊಡಿಸಿದಾಗ ಜನ ಚಪ್ಪಾಳೆ ತಟ್ಟಿದರು. ನಾನು ಪರದೆಯ ಮಗ್ಗುಲಲ್ಲಿ ನಗಾರಿಯ ಮುಂದೆ ಕೂತು ನೋಡುತ್ತಿದ್ದೆ. ನನ್ನ ಕಡಗ, ನನ್ನ ಕಥೆ, ನಾನು ಬಿಟ್ಟ ಶಾಲೆ, ಎಲ್ಲ ಅವನ ಕೈಯಲ್ಲಿ ಹೊಳೆಯುತ್ತಿತ್ತು. ಒಂದು ಸಲ ತಪ್ಪಲಿ ಅಂದುಕೊಂಡೆ. ಇಷ್ಟು ಜನರೆದುರು ಒಂದು ಸಲ ಅವನು ಬಾಯಿಬಿಟ್ಟುಕೊಂಡು ಕಾಯಲಿ. ಗೋಡೆಯ ನೆನಪು ಆಗ ಇತ್ತೇ? ಇತ್ತು ಎಂದರೆ ನಾನು ಕೊಲೆಗಾತಿ, ಇರಲಿಲ್ಲ ಎಂದರೆ ಸುಳ್ಳುಗಾತಿ. ನಿಜವಾಗಿ ನನಗೆ ಗೊತ್ತಿಲ್ಲ.

ಹಾಡುವವರು ಮೂರನೆಯ ಸಾಲಿಗೆ ನಿಲ್ಲಿಸಿದರು. ನಾನು ಗಂಟು ಬಿಚ್ಚಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಬಸು ರೊಟ್ಟಿ ಕೆಳಗಿಟ್ಟು, ನನ್ನ ಕಡೆಗೊಮ್ಮೆ ತಲೆ ತಿರುಗಿಸಿ, ಎದ್ದು ಮುಂದೆ ಬಂದ. ಹಾಡು ಮುಂದುವರಿಯಿತು. ಗೋಡೆ ಬಿತ್ತು. ಅವನು ಕೂತಿದ್ದ ಜಾಗದಲ್ಲಿದ್ದ ಹಿತ್ತಾಳೆಯ ತಂಬಿಗೆ ಚಪ್ಪಟೆಯಾಯಿತು.

ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಲೆಕ್ಕ ಹಾಕಿ ಎದ್ದ, ಇದರಲ್ಲೂ ಗೆದ್ದ ಅಂದುಕೊಂಡೆ. ನಾಟಕ ಮುಗಿದೊಡನೆ ಅವನು ಬಣ್ಣದ ಮುಖದಲ್ಲೇ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ಅಕ್ಕಾ, ಅಪ್ಪ ಬಾರಿಸಿದಂಗ ಬಾರಿಸಿದಿ. ಅದ ಬಿಡುವು, ಅದ ತೂಕ. ನನಗ ಒಂದ ಗಳಿಗಿ ಅಪ್ಪನ ಕುಂತಾನ ಅನಿಸ್ತು.”

ಚುಚ್ಚುತ್ತಿದ್ದಾನೆ ಎಂದುಕೊಂಡೆ. ಆದರೆ ಅವನ ಕಣ್ಣು ತುಂಬಿತ್ತು. ಅಷ್ಟರಲ್ಲಿ ಅವನ ಹೆಂಡತಿ ವೀಣಾ ಬಂದು, ಮೂರನೆಯ ಪೆಟ್ಟಿಗೆ ಮೈ ಜುಂ ಅಂದಿತು ಎಂದಳು. ಹಾಡುವವರೂ ಅದನ್ನೇ ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಗುರುತಿಲ್ಲದ ಮುದುಕಿಯೊಬ್ಬರು ನನ್ನ ತಲೆ ಸವರಿ ಹೋದರು. ಕೋಲುಗಳು ನನ್ನ ಕಂಕುಳಲ್ಲಿದ್ದವು. ಗಂಟು ಹಾಕಿದ ಹಾಗೇ ಇತ್ತು. ಯಾರೂ ನೋಡಲಿಲ್ಲ. ನಾನು ಹೊಗಳಿಕೆಯನ್ನೆಲ್ಲ ಇಸಿದುಕೊಂಡೆ. ಕೋಲುಗಳು ಇನ್ನು ನಿನ್ನವೇ ಎಂದು ಬಸು ಅಂದಾಗ ಅವನ್ನೂ ಇಟ್ಟುಕೊಂಡೆ.

ಮರುದಿನ ಅವರ ಮನೆಯ ಸೋಫಾದಲ್ಲಿ ಕೂತು ಅವನ ಮಗಳು ತನ್ವಿ ಐಪ್ಯಾಡಿನಲ್ಲಿ ನಾಟಕದ ವಿಡಿಯೋ ಹಾಕಿದಳು. ಹಾಡು ನಿಂತಿತು, ಕೆಮ್ಮು ಕೇಳಿತು, ಆಮೇಲೆ ಬಸು ಎದ್ದ. ನಗಾರಿ ಎಲ್ಲಿ ಎಂದು ಕೇಳಿದೆ. ಅವಳು ಹಿಂದಕ್ಕೆ ಸರಿಸಿ ಮತ್ತೆ ಹಾಕಿ, ನನಗೆ ತಿಳಿಯಲೆಂದು ಬೆರಳು ಮಡಚಿದಳು. “ದೇರ್, ಅತ್ತಿ. ವನ್... ಟೂ... ತ್ರೀ.” ಒಂದು ಬೆರಳಿಗೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಒಂದು ಉಸಿರಿನ ಬಿಡುವು ಬಿಟ್ಟಳು. ಅಪ್ಪ ಬಾರಿಸಿದ್ದನ್ನು ಆ ಕೂಸು ಎಂದೂ ಕೇಳಿರಲಿಲ್ಲ. ನನಗೆ ಕೇಳಿದ್ದು ಕೆಮ್ಮು ಮಾತ್ರ.

ಮೆಲ್ಬರ್ನಿಗೆ ಬಂದು ಕ್ಲೇಟನ್‌ನಲ್ಲಿ ಡಾಕ್ಟರಿಗೆ ಕಿವಿ ತೋರಿಸಿದೆ. ಎರಡೂ ಚೆನ್ನಾಗಿವೆ ಎಂದರು. ನಾನೇ ಅರಿವಿಲ್ಲದೆ ಬಾರಿಸಿದೆನೋ ಎಂದೂ ಯೋಚಿಸಿದೆ. ಹಾಗೆಂದು ನಂಬಿದ್ದರೆ ಎಷ್ಟು ಸಲೀಸಾಗಿತ್ತು. ಆದರೆ ಗಂಟು ಹಾಕಿದ ಕೋಲುಗಳಲ್ಲಿ ಅಪ್ಪನ ಹಾಗೆ ಬಾರಿಸಲು ಬರುವುದಿಲ್ಲ. ಕಪಾಟಿನಲ್ಲಿ ಸೀರೆಗಳ ಕೆಳಗೆ ಅವನ್ನಿಟ್ಟೆ. ಪ್ರತಿ ವರ್ಷ ಮಹಾನವಮಿ ಅಮಾವಾಸ್ಯೆಗೆ ಬಸು ತನ್ನ ಮನೆಯಲ್ಲಿ ಅಕ್ಕಿಯ ಡಬ್ಬಿಗೆ ಸೌಟಿನಿಂದ ಮೂರು ಪೆಟ್ಟು ಹಾಕಿ, “ಬಾರಿಸಿದ್ಯಾ ಅಕ್ಕಾ?” ಎಂದು ಫೋನ್ ಮಾಡುತ್ತಿದ್ದ. ಹ್ಞೂಂ ಎನ್ನುತ್ತಿದ್ದೆ.

ಈ ವರ್ಷ ಅಮಾವಾಸ್ಯೆ ಶಾಲೆಯ ರಜೆಯಲ್ಲಿ ಬಂತು. ಬಸು ಹೆಂಡತಿ ಮಗಳೊಂದಿಗೆ ಗ್ಲೆನ್ ವೇವರ್ಲಿಯ ನಮ್ಮ ಮನೆಗೆ ಬಂದ. ಎಡೆ ಬಡಿಸಿದ್ದಾಯಿತು. ಅವನೇ ಅಕ್ಕಿಯ ಡಬ್ಬಿಯನ್ನು ತಂದು ಬೋರಲು ಹಾಕಿ ಕೋಲು ಕೇಳಿದ. ತಂದುಕೊಟ್ಟೆ. ಅವನು ಗಂಟನ್ನು ನೋಡಿದ, ಉಗುರಿನಿಂದ ಬಿಚ್ಚಲು ನೋಡಿದ, ಆಗಲಿಲ್ಲ. ಆರು ವರ್ಷದಲ್ಲಿ ಅದು ಕಲ್ಲಾಗಿತ್ತು.

“ಇದನ್ನ ನೀ ಬಿಚ್ಚೇ ಇಲ್ಲಲ್ಲ?” ಅಂದ.

ಎಲ್ಲರೂ ತಟ್ಟೆಯ ಮುಂದೆ ಕಾಯುತ್ತಿದ್ದರು. ನಿಂತಲ್ಲೇ ಹೇಳಿಬಿಟ್ಟೆ. ಹಾಳೆಯ ವಿಷಯ, ಕಡಗದ ವಿಷಯ, ಗೋಡೆಯ ವಿಷಯ, ಎಲ್ಲ. ಕೊನೆಗೆ, ಅವತ್ತೂ ಬಿಚ್ಚಿರಲಿಲ್ಲ ಎಂದೆ. ಬಸು ಗಂಟನ್ನು ಬೆರಳಿನಿಂದ ಮತ್ತೊಮ್ಮೆ ಮುಟ್ಟಿ ನೋಡಿದ.

“ಹಂಗಾದ್ರ ಯಾರ ಬಾರಿಸಿದ್ದಕ್ಕಾ?”

ಅವನ ಕೈಯಿಂದ ಕೋಲುಗಳನ್ನು ತೆಗೆದುಕೊಂಡು, ಗಂಟು ಸಮೇತ, ಡಬ್ಬಿಗೆ ಮೂರು ಪೆಟ್ಟು ಹಾಕಿದೆ. ಡಬ್ಬಿಯ ಸದ್ದು ಡಬ್ಬಿಯ ಹಾಗೆಯೇ ಇತ್ತು. ಮೂರೂ ನನಗೆ ಕೇಳಿದವು. ಗುಡ್ಡ ಯಾವ ದಿಕ್ಕಿಗಿದೆ ಎಂದು ತನ್ವಿ ಫೋನಿನಲ್ಲಿ ಹುಡುಕುತ್ತಿದ್ದಳು. ನಾನು ಗುಡ್ಡದ ಕಡೆ ತಿರುಗಲಿಲ್ಲ, ಬಸುವಿನ ಕಡೆ ತಿರುಗಿದೆ. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಅಂದೆ:

“ತಪ್ಪಾತು, ತಮ್ಮಾ.”