ಡಬ್ಬಿಯ ಮೇಲಿನ ಕುಂಕುಮ

ಆಯುಧಪೂಜೆ ಕಳೆದು ಮೂರನೇ ದಿನ ನನ್ನ ಕಂಪ್ಯೂಟರ್ ಏಳಲಿಲ್ಲ. ಗುಂಡಿ ಒತ್ತಿದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಬಿಳಿ ಗೆರೆ, ಅಷ್ಟೇ. ಕೈಲಾಂಚದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಜೆರಾಕ್ಸ್ ಅಂಗಡಿ. ಗಿರಾಕಿಗಳನ್ನು ನಾಳೆ ಬನ್ನಿ ಎಂದು ಸಾಗಹಾಕಬಹುದಿತ್ತು. ಆದರೆ ಅದರೊಳಗೆ ನನ್ನವ್ವನ ದನಿ ಇತ್ತು.

ಯುಗಾದಿಯಾದ ಮೇಲೆ ಅವ್ವನಿಗೆ ಗಂಟಲ ಆಪರೇಷನ್ ಆಯಿತು. ಇನ್ನು ಮಾತು ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಮೊಮ್ಮಗಳ ಚಪ್ಪರದ ದಿನ ನನ್ ಸೋಬಾನೆ ಇಲ್ದಿದ್ರೆ ಹೆಂಗವ್ವಾ?" ಎಂದು ಅವ್ವ ಅತ್ತಿದ್ದಳು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಕಂಪ್ಯೂಟರಿಗೇ ಮೈಕು ಸಿಕ್ಕಿಸಿ ಹಾಡಿಸಿದೆ. ಇಪ್ಪತ್ತೆರಡು ಸೋಬಾನೆ ಪದ, ನಡುನಡುವೆ ಕೆಮ್ಮು. ನನ್ನ ಮಗಳ ಮದುವೆ ಈ ಕಾರ್ತಿಕದಲ್ಲಿ.

ಇಡೀ ಕಂಪ್ಯೂಟರಿನ ಪಡಿಯಚ್ಚನ್ನು ಒಂದು ಕರಿ ಡಬ್ಬಿಗೆ ಇಳಿಸಿಡುವುದನ್ನು ರಾಮನಗರದ ರಿಪೇರಿಯವನು ಕಲಿಸಿದ್ದ. ದಿನಾಂಕ ಬರೆದಿಡಲು ನನಗೆ ಸೋಮಾರಿತನ. ಹೊಸದೇನಾದರೂ ಸೇರಿದಾಗ ಡಬ್ಬಿಯ ಮೇಲಿನ ಕುಂಕುಮ ಒರೆಸುತ್ತಿದ್ದೆ, ಇಳಿಸಿದ ಮೇಲೆ ಮತ್ತೆ ಇಡುತ್ತಿದ್ದೆ. ಬೊಟ್ಟಿದ್ದರೆ ಎಲ್ಲ ಒಳಗಿದೆ ಎಂದರ್ಥ.

ರಿಪೇರಿಯವನು ಬಂದು ನೋಡಿ ತಲೆ ಅಲ್ಲಾಡಿಸಿದ. "ಒಳಗಿರದ್ನೆಲ್ಲ ಅಳಿಸ್ಬುಟ್ಟು ಡಬ್ಬೀಲಿರದ್ನ ಹಾಕ್ಬೇಕಕ್ಕ. ಅವ್ವಾರ ಹಾಡೂ ಇದ್ರಲ್ಲೇ ಅವೆ ತಾನೆ? ಒಸಿ ತಗ್ದು ನೋಡ್ಬುಡನ."

"ಕಣ್ ಕಾಣಕಿಲ್ವೇನಪ್ಪ? ಕುಂಕುಮ ಐತಲ್ಲ! ನಾನೇನ್ ಪೆದ್ದಿನಾ? ಅಳಿಸು!"

ಅವನು ಇನ್ನೊಮ್ಮೆ ನನ್ನ ಮುಖ ನೋಡಿ ಒತ್ತಿದ. ಪರದೆಯ ಮೇಲೆ ಹಸಿರು ಪಟ್ಟಿ ಇಂಚಿಂಚಾಗಿ ತುಂಬತೊಡಗಿತು. ಆಸ್ಪತ್ರೆಗೆ ಓಡಾಡಿದ ಆ ದಿನಗಳಲ್ಲಿ ಡಬ್ಬಿಗೆ ಇಳಿಸಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಬೊಟ್ಟಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪಟ್ಟಿ ಆಗಲೇ ಅರ್ಧ ದಾಟಿತ್ತು.

ಕಂಪ್ಯೂಟರ್ ಎದ್ದಿತು. ಪರದೆಯ ಮೇಲೆ ಸಂಕ್ರಾಂತಿಗೆ ಹಾಕಿದ್ದ ಎಳ್ಳುಬೆಲ್ಲದ ಚಿತ್ರ. ಅದನ್ನು ಯುಗಾದಿಯ ದಿನ ನಾನೇ ತೆಗೆದುಹಾಕಿದ್ದೆ. ಡಬ್ಬಿಯಲ್ಲಿದ್ದದ್ದು ಯುಗಾದಿಗೂ ಹಿಂದಿನದು. ಹುಡುಕಿದೆ, ಅವನೂ ಹುಡುಕಿದ. ಹಾಡುಗಳಿರಲಿಲ್ಲ.

"ಹಾಡಿದ್ ಜಾಗದ್ ಮೇಲೇ ಬರ್ದಾಗೋಯ್ತಲ್ಲಕ್ಕ, ಇನ್ ಸಿಗಾಕಿಲ್ಲ," ಎಂದ ಮೆಲ್ಲಗೆ.

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಈ ಬೊಟ್ಟು ಯಾರವ್ವಾ ಇಟ್ಟಿದ್ದು?" ಎಂದು ಡಬ್ಬಿ ತೋರಿಸಿದೆ. ನಾನೇ ಎಂಬಂತೆ ಅವಳು ಎದೆ ಮುಟ್ಟಿಕೊಂಡಳು. ಹೊಲಿಗೆ ಮೆಷಿನ್ನು, ಮಿಕ್ಸಿ, ಸ್ಕೂಟರು, ಎಲ್ಲದರತ್ತ ಬೆರಳು ತೋರಿಸಿದಳು. ಎಲ್ಲದಕ್ಕೂ ಪೂಜೆಯ ದಿನದ ಬೊಟ್ಟಿತ್ತು. ಆಮೇಲೆ ಒಂದು ಕಣ್ಣು ಮುಟ್ಟಿ, ಇನ್ನೊಂದು ಕಣ್ಣು ಮುಟ್ಟಿ ನಕ್ಕಳು. ಮಾತಿದ್ದಾಗ ದಿನಾ ಅನ್ನುತ್ತಿದ್ದಳು: "ಒಂದ್ ಕಣ್ಗೆ ಬೆಣ್ಣೆ, ಒಂದ್ ಕಣ್ಗೆ ಸುಣ್ಣ ಇಕ್ಬಾರ್ದು ಕಣವ್ವಾ."

ಕಂಪ್ಯೂಟರ್ ಎದ್ದ ಖುಷಿಗೆ ಸ್ಟೂಲ್ ಎಳೆದು ಕೂತಳು. ಸೆರಗು ಸರಿಮಾಡಿಕೊಂಡು, ತನ್ನ ಹಾಡು ಹಾಕು ಎಂದು ಸನ್ನೆ ಮಾಡಿದಳು. ತಾಳಕ್ಕೆಂದು ತೊಡೆಯ ಮೇಲೆ ಅಂಗೈ ಎತ್ತಿ ಹಿಡಿದಿದ್ದಳು.