ತಮ್ಮನಿಗೆ ಸಿಗದ ಔಷಧ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದೆ. ಒಂದು ಜಾತಿಯ ಪತಂಗದ ರಕ್ತದಲ್ಲಿ ರೋಗಾಣುಗಳನ್ನು ಕೊಲ್ಲುವ ಪುಟ್ಟ ಪ್ರೋಟೀನು ಇರುತ್ತದೆ. ಪತಂಗದಿಂದಲೇ ತೆಗೆದರೆ ಸಿಗುವುದು ತೀರ ಕಡಿಮೆ. ಆದ್ದರಿಂದ ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬ್ಯಾಕ್ಟೀರಿಯಾದ ಕೈಯಲ್ಲಿ ಅದನ್ನು ಮಾಡಿಸಲು ನೋಡುತ್ತಿದ್ದೆವು. ಬೆಳಿಗ್ಗೆ ಬಂದ ಕೂಡಲೇ ಕೈ ತೊಳೆದು, ಮೇಜನ್ನು ಸ್ಪಿರಿಟ್ಟಿನಿಂದ ಒರೆಸಿ, ಫ್ಲಾಸ್ಕುಗಳನ್ನು ನೋಡುತ್ತಿದ್ದೆ. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿರುತ್ತಿತ್ತು. ಪ್ರೋಟೀನು ಮಾಡತೊಡಗಿದೊಡನೆ, ತಾನು ಮಾಡಿದ್ದಕ್ಕೆ ತಾನೇ ಸಾಯುತ್ತಿತ್ತು.

ರಜೆಯಲ್ಲಿ ನಮ್ಮೂರು ಕುಕನೂರಿಗೆ ಹೋದಾಗ, ಅವ್ವ ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ, ಅವಳಿಗೂ ತಮ್ಮನಿಗೂ ಇದನ್ನು ವಿವರಿಸಿದೆ.

"ಈ ಹೆಪ್ಪಿನ್ಯಾಗ ಕಣ್ಣಿಗೆ ಕಾಣದ ಜೀವ ಅದಾವಲ್ಲ, ಅಂಥಾದ್ದೊಂದಕ್ಕ ನಾವು ಔಷಧ ಮಾಡೂದು ಕಲಸ್ತೀವಿ. ಅದು ಮಾಡತೈತಿ, ಮಾಡಿ ಸಾಯತೈತಿ."

ನನ್ನ ತಮ್ಮ ಊರಿನಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹುಬ್ಬಿನ ಮೇಲೆ ಯಾವಾಗಲೂ ಜೋಳದ ಹಿಟ್ಟು.

"ಅಡಗಿ ಮಾಡಾಕಿ ರುಚಿ ನೋಡಿ ಸತ್ತಂಗಾತು. ಬ್ಯಾರೆ ಅಡಗಿಯವರನ್ನ ಹುಡಕ್ರಿ ಅಕ್ಕಾ."

"ಉಣ್ಣೂ ಹೊತ್ತಿನ್ಯಾಗ ಸಾಯೂ ಮಾತು ಬ್ಯಾಡ" ಎಂದು ಅವ್ವ ಗದರಿದಳು.

ಇನ್ನೊಂದು ದೊಡ್ಡ ಪ್ರೋಟೀನಿಗೆ ಅದನ್ನು ಜೋಡಿಸಿಬಿಟ್ಟರೆ ಅದು ಯಾರನ್ನೂ ಕೊಲ್ಲುವುದಿಲ್ಲ, ಹೊರಗೆ ತೆಗೆದ ಮೇಲೆ ಕತ್ತರಿಸಿ ಬಿಡಿಸಬಹುದು, ಈಗ ಆ ದಾರಿ ಹಿಡಿದಿದ್ದೇವೆ ಎಂದೆ.

"ಎತ್ತು ಬೆಳಿಗೆ ಬಾಯಿ ಹಾಕಬಾರದಂತ ಬಾಯಿಕುಕ್ಕಿ ಹಾಕಿದಂಗ" ಎಂದ ತಮ್ಮ. ಆಮೇಲೆ ಅದನ್ನು ನಾನೂ ಹಾಗೆಯೇ ಹೇಳತೊಡಗಿದೆ.

ಮುಂದಿನ ಬೇಸಿಗೆಯಲ್ಲಿ ತಂತಿ ಬಂತು. ಗಿರಣಿಯ ಬೆಲ್ಟಿಗೆ ತಮ್ಮನ ಕೈ ಸಿಕ್ಕಿತ್ತು. ನಾನು ಕೊಪ್ಪಳದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಗಾಯ ಕೀವಾಗಿ, ನಂಜು ರಕ್ತಕ್ಕೆ ಏರಿತ್ತು. ಡಾಕ್ಟರು ಇಂಜೆಕ್ಷನ್ ಬದಲಿಸಿ ನೋಡಿದ್ದರು. ಜ್ವರ ಇಳಿದಿರಲಿಲ್ಲ.

ಅವ್ವ ನನ್ನ ಮುಖ ನೋಡಲಿಲ್ಲ, ಚೀಲ ನೋಡಿದಳು.

"ತಂದೀಯೇನು?"

"ಏನವ್ವಾ?"

"ಹುಳ ಕೊಲ್ಲೂದು. ನೀ ಮಾಡೂದು."

"ಅದು ಶೀಶೆ ತಳದಾಗ ಚೂರು ಐತವ್ವಾ. ಇನ್ನೂ ಬಿಡಸಿಲ್ಲ. ಇಲಿಗೂ ಕೊಟ್ಟು ನೋಡಿಲ್ಲ. ಮನಷ್ಯಾರಿಗೆ ಕೊಟ್ರ ಏನಾಗತೈತಿ ಅಂತ ಯಾರಿಗೂ ಗೊತ್ತಿಲ್ಲ."

"ಇಷ್ಟು ದಿನ ಮತ್ತ ಏನು ಮಾಡಿದಿ?"

ಕಣ್ಣು ಮುಚ್ಚಿಕೊಂಡೇ ತಮ್ಮ ಮಾತಾಡಿದ.

"ಆಕಿನ್ನ ಯಾಕ ಕಾಡ್ತಿ ಬೇ? ಅದರ ಬಾಯಿಕುಕ್ಕಿ ಇನ್ನೂ ಬಿಚ್ಚಿಲ್ಲ. ನೀರು ಕೊಡು."

ಅವ್ವ ನೀರು ಕುಡಿಸಿದಳು. ಮರುದಿನ ಮಧ್ಯಾಹ್ನ ಅವನು ಹೋದ.

ಮನೆಯಲ್ಲಿದ್ದ ಹಾಲು, ಮೊಸರು, ನೀರು ಎಲ್ಲ ಚೆಲ್ಲಿದರು. ಅವ್ವ ಮದುವೆಯಾಗಿ ಬಂದಾಗಿನಿಂದ ದಿನದಿನಕ್ಕೆ ಉಳಿಸಿಕೊಂಡು ಬಂದಿದ್ದ ಹೆಪ್ಪು ಅಂಗಳದ ಮಣ್ಣಿನಲ್ಲಿ ಹರಿಯಿತು. ಸೂತಕ ಕಳೆದ ಮೇಲೆ ನನ್ನ ಕೈಗೆ ಬಟ್ಟಲು ಕೊಟ್ಟು, ಎದುರು ಮನೆಯಿಂದ ಹೆಪ್ಪು ಇಸಿದುಕೊಂಡು ಬಾ ಎಂದಳು. ತಂದುಕೊಟ್ಟೆ. ಹಾಲಿಗೆ ಹಾಕಿ, ಮುಚ್ಚಿ, ಗಡಿಗೆಯ ಪಕ್ಕದಲ್ಲಿಯೇ ಕೂತಳು. ಬೆಳಿಗ್ಗೆ ಮೊಸರು ಗಟ್ಟಿಯಾಗಿತ್ತು. ಅವಳು ಉಣ್ಣಲಿಲ್ಲ.

ಹೈದರಾಬಾದಿಗೆ ಮರಳಿ ಮೊದಲಿನಂತೆ ಕೈ ತೊಳೆದು ಕೆಲಸಕ್ಕೆ ನಿಂತೆ. ಮಳೆಗಾಲದಲ್ಲಿ ಪ್ರೋಟೀನನ್ನು ಬಿಡಿಸುವುದು ಸಾಧ್ಯವಾಯಿತು. ರೋಗಾಣು ಬೆಳೆದ ತಟ್ಟೆಯ ಮೇಲೆ ಒಂದು ಹನಿ ಇಟ್ಟಿದ್ದೆವು. ಮರುದಿನ ಹನಿಯ ಸುತ್ತ ದುಂಡಗೆ ತಿಳಿಯಾಗಿತ್ತು, ಅಲ್ಲಿ ಒಂದೂ ಬದುಕಿರಲಿಲ್ಲ. ನಮ್ಮ ಮೇಲಿನವರು ಎಲ್ಲರಿಗೂ ಪೇಢೆ ಹಂಚಿದರು. ನನ್ನ ಪಾಲಿನದನ್ನು ಮೇಜಿನ ಮೇಲಿಟ್ಟು ತಟ್ಟೆ ತೊಳೆಯಲು ಹೋದೆ.

ಅದು ಔಷಧವಾಗಲಿಲ್ಲ. ರಕ್ತದಲ್ಲಿ ಅದು ಬೇಗ ಒಡೆದುಹೋಗುತ್ತಿತ್ತು. ಊರಿಗೆ ಹೋದಾಗಲೆಲ್ಲ ಅವ್ವ ಹಾಲಿಗೆ ಹೆಪ್ಪು ಹಾಕುತ್ತ, ತಲೆ ಎತ್ತದೆ ಕೇಳುತ್ತಿದ್ದಳು.

"ಆತೇನು?"

"ಇನ್ನೂ ಇಲ್ಲವ್ವಾ."

ಒಂದು ಸಲ ಹೋದಾಗ ಕೇಳಲಿಲ್ಲ. ನಾನು ಅಡುಗೆಮನೆಯ ಹೊಸ್ತಿಲಲ್ಲಿ, ಅವಳು ಗಡಿಗೆ ಮುಚ್ಚಿ ಕೈ ಒರೆಸಿಕೊಳ್ಳುವವರೆಗೂ ನಿಂತಿದ್ದೆ.