ಒಂದು ಮಹಡಿಗೆ ಒಂದು ಟೋಕನ್

ನಾನು ದೆಹಲಿಗೆ ಬಂದದ್ದು ಪಿಎಚ್.ಡಿ. ಮಾಡಲು. ಮಾಡಿದ್ದು ನಾಟಕ. ಊರಿನಿಂದ ಅಪ್ಪ ಫೋನ್ ಮಾಡಿ ಪ್ರಬಂಧ ಎಲ್ಲಿಗೆ ಬಂತು ಎಂದಾಗಲೆಲ್ಲ ಫೀಲ್ಡ್‌ವರ್ಕ್ ನಡೆದಿದೆ ಎನ್ನುತ್ತಿದ್ದೆ. ಪೂರ್ತಿ ಸುಳ್ಳೇನಲ್ಲ. ಭಾನುವಾರ ಬಂತೆಂದರೆ ನಮ್ಮ ನಾಲ್ಕು ಜನರ ತಂಡ ಓಖ್ಲಾದ ಗಾರ್ಮೆಂಟ್ಸ್ ಹೆಂಗಸರ ಜೊತೆ ಅವರು ವಾಸವಿದ್ದ ಬಸ್ತಿಯ ಅಂಗಳದಲ್ಲಿ ಕೂತಿರುತ್ತಿತ್ತು.

ನಮ್ಮದೊಂದು ವಿಚಿತ್ರ ಪದ್ಧತಿ. ಕಥೆ ಬಸ್ತಿಯವರದ್ದು, ಮೊದಲು ಆಡಿ ತೋರಿಸುವವರು ನಾವು. ನೋಡುವವರಲ್ಲಿ ಯಾರಿಗಾದರೂ ಇದು ಸರಿಯಿಲ್ಲ ಅನ್ನಿಸಿದರೆ ಒಂದು ಚಪ್ಪಾಳೆ ತಟ್ಟಬೇಕು. ಆಟ ಅಲ್ಲೇ ನಿಲ್ಲುತ್ತದೆ. ತಟ್ಟಿದವರು ಎದ್ದು ಬಂದು ಬೇಕಾದ ಪಾತ್ರ ಕಿತ್ತುಕೊಳ್ಳಬಹುದು. ನಟರು ತಕರಾರು ಮಾಡುವಂತಿಲ್ಲ. ನಮ್ಮ ನಿರ್ದೇಶಕಿ ಇದನ್ನು ಪ್ರಯೋಗ ಎನ್ನುತ್ತಿದ್ದರು. ನನಗೆ ಅವಮಾನ ಅನ್ನಿಸುತ್ತಿತ್ತು.

ಆ ಸಲದ ಕಥೆ ಟೋಕನ್ನಿನದ್ದು. ಕಾರ್ಖಾನೆಯಲ್ಲಿ ಇಡೀ ಮಹಡಿಗೆ ಒಂದೇ ಮರದ ಟೋಕನ್. ಅದು ಕೈಯಲ್ಲಿದ್ದರೆ ಮಾತ್ರ ಶೌಚಾಲಯಕ್ಕೆ ಹೋಗಬಹುದು. ಸೂಪರ್‌ವೈಸರ್ ಮುಂದೆ ನಿಂತು, ಎಲ್ಲರೆದುರು ಕೇಳಿ ಪಡೆಯಬೇಕು. ಕಥೆ ಹೇಳಿದವರು ಕಾಲರ್ ಹೊಲಿಯುವ ಹಿರಿಯ ಹೆಂಗಸು. ಬಸ್ತಿಗೆಲ್ಲ ಅವರು ಚಾಚಿ, ಚಿಕ್ಕಮ್ಮ. ಸಕ್ಕರೆ ಕಾಯಿಲೆ ಬೇರೆ. ಕೇಳುವ ನಾಚಿಕೆಗೆ ಬೇಸಿಗೆಯಲ್ಲೂ ನೀರು ಕುಡಿಯುವುದನ್ನೇ ಬಿಟ್ಟು, ಎರಡು ಸಲ ಮಷಿನ್ ಮೇಲೆಯೇ ತಲೆ ತಿರುಗಿ ಬಿದ್ದಿದ್ದರು. ಆ ಟೋಕನ್ ತೊಲಗಬೇಕು, ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಸೂಪರ್‌ವೈಸರ್ ಪಾತ್ರ ನನಗೆ. ಎರಡು ವಾರ ಕನ್ನಡಿ ಮುಂದೆ ಹುಬ್ಬು ಗಂಟಿಕ್ಕಿದೆ. ನಾಟಕದ ದಿನ ನೋಡಿದರೆ ಅಸಲಿ ಸೂಪರ್‌ವೈಸರೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಾನೆ. ಪಕ್ಕದ ಗಲ್ಲಿಯವನಂತೆ. ಹೆಂಗಸರು ಅವನಿಗೆ ಎಲ್ಲಿಲ್ಲದ ಉಪಚಾರ ಮಾಡಿದರು. ಚಹಾದ ಮೇಲೆ ಚಹಾ, ನಡುವೆ ದೊಡ್ಡ ಲೋಟದಲ್ಲಿ ಶರಬತ್ತು. ನಾನು ಪೆದ್ದಿ, ಎಂಥ ಒಳ್ಳೆಯ ಜನ ಅಂದುಕೊಂಡೆ.

ನಾನು ಬಾಯಿ ತೆರೆದು ಎರಡು ನಿಮಿಷವಾಗಿರಲಿಲ್ಲ, ಚಪ್ಪಾಳೆ ಬಿತ್ತು. ತಟ್ಟಿದವನು ಅವನೇ. ಗದರಿಸುವುದು ಹೀಗಲ್ಲ ಮೇಡಂ ಎನ್ನುತ್ತ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತ. ಬೆಳಿಗ್ಗೆ ತಾನೇ ಹೋಗಿದ್ದೆಯಲ್ಲ, ಮತ್ತೆ ಯಾಕೆ ಎಂದು ಹೇಗೆ ಕೇಳಬೇಕು, ಕೇಳಿ ಎಷ್ಟು ಹೊತ್ತು ರಿಜಿಸ್ಟರ್ ತಿರುವುತ್ತ ಕಾಯಿಸಬೇಕು, ಎಲ್ಲವನ್ನೂ ಆಡಿ ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು. ನನ್ನ ಹೊಟ್ಟೆ ಉರಿಯಿತು. ನನಗಿಂತ ನೂರು ಪಾಲು ಚೆನ್ನಾಗಿ ಮಾಡಿದ್ದ.

ಆಗ ಚಾಚಿ ಚಪ್ಪಾಳೆ ತಟ್ಟಿದರು. ತಮಗೆ ಆ ಕುರ್ಚಿ ಬೇಕು ಅಂದರು. ನಿಯಮ ಅಂದಮೇಲೆ ಅವನೂ ಏಳಬೇಕಾಯಿತು. ಹೊರಟವನನ್ನು ನಿರ್ದೇಶಕಿ ತಡೆದು, ಈಗ ನೀವು ಕೆಲಸಗಾರ, ಟೋಕನ್ ಕೇಳಿ ಎಂದರು. ಅವನು ನಗುತ್ತಲೇ ಕೇಳಿದ.

"ಯಾಕೆ?" ಎಂದರು ಚಾಚಿ.

ಚಾಚಿ ಅವನ ಹಾಗೆಯೇ ಇಲ್ಲದ ರಿಜಿಸ್ಟರಿನ ಹಾಳೆ ತಿರುವಿದರು. ತಿರುವುತ್ತಲೇ ಇದ್ದರು. ಅವನು ಕಾಲು ಬದಲಾಯಿಸಿದ, ಮುಖದ ನಗು ಮಾಯವಾಯಿತು. ಆ ಉಪಚಾರದ ಮರ್ಮ ನನಗೆ ಹೊಳೆದದ್ದು ಆಗ. ಅವನು ಆಟ ಬಿಟ್ಟು ಓಡಬಹುದಿತ್ತು, ಓಡಿದರೆ ನಾಳೆ ಇಡೀ ಮಹಡಿ ಆಡಿಕೊಳ್ಳುತ್ತದೆ. ಅಂಗಳದಲ್ಲಿ ಈಗ ಒಬ್ಬರೂ ನಗುತ್ತಿರಲಿಲ್ಲ. ಹಾಗೆ ನಿಲ್ಲುವುದು ಏನೆಂದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ನನಗೆ ಅವನ ಮೇಲೆ ಕನಿಕರ ಬಂತು, ಕನಿಕರ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

"ಕೊಡಿ ಚಾಚಿ," ಎಂದ ಮೆಲ್ಲಗೆ.

ಚಾಚಿ ಕೊಟ್ಟರು. ಅವನು ಹೋದ ವೇಗ ನೋಡಬೇಕಿತ್ತು.

ಮುಂದಿನ ಭಾನುವಾರ ಚಾಚಿಯೇ ಸುದ್ದಿ ಹೇಳಿದರು. ಸೋಮವಾರ ಮಷಿನ್ ನಿಲ್ಲಿಸಿ, ಅವನ ಮೇಜಿನ ಕಡೆ ತಿರುಗಿಯೂ ನೋಡದೆ ನೇರ ಶೌಚಾಲಯಕ್ಕೆ ನಡೆದರಂತೆ. ಅವನು ತಲೆಯೆತ್ತಿ ನೋಡಿದನಂತೆ, ಮತ್ತೆ ತಗ್ಗಿಸಿದನಂತೆ.

"ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಹೋದೆ ಬೇಟಿ," ಎಂದರು. "ಹೋಗಬೇಕಾದ್ದೇನೂ ಇರಲಿಲ್ಲ. ಸುಮ್ಮನೆ ಐದು ನಿಮಿಷ ಒಳಗೆ ನಿಂತು ಬಂದೆ."